ಮದುವೆ ಜವಳಿಗೆ ಲಕ್ಷ ಸುರಿಯುವ ಮುಂಚೆ: ಮೊಳಕಾಲ್ಮುರು, ಮೈಸೂರು ಸಿಲ್ಕ್, ಡಿಸೈನರ್ ಲೆಹೆಂಗಾ, ಫಾರಿನ್ ಬ್ರ್ಯಾಂಡ್ – ಯಾವುದು ತಗೋಬೇಕು?

ದಾವಣಗೆರೆಯಲ್ಲಿ ಈಗ ಮದುವೆ ಜವಳಿ ಅಂದ್ರೆ ಮಂಡಿಪೇಟೆಯಲ್ಲಿ ಅರ್ಧ ದಿನ ಕೂತು ಸೀರೆ ತೆಗೆಯುವುದಷ್ಟೇ ಅಲ್ಲ. ಧಾರೆ ಸೀರೆ ಇಲ್ಲಿ ತೆಗೆದವರೇ ರಿಸೆಪ್ಷನ್ ಲೆಹೆಂಗಾಕ್ಕೆ ಬೆಂಗಳೂರಿಗೆ ಓಡುತ್ತಾರೆ. ಮದುಮಗಳ ಕೈಗೆ ಫಾರಿನ್ ಬ್ರ್ಯಾಂಡಿನ ಬ್ಯಾಗು ಇರಲಿ ಅನ್ನುವ ಮನೆಗಳೂ ಇವೆ. ಲೆಕ್ಕ ಸಲೀಸಾಗಿ ಲಕ್ಷ ದಾಟುತ್ತದೆ. ಮಾರುವವರೆಲ್ಲ ಎರಡು ಮಾತು ತಪ್ಪದೆ ಹೇಳುತ್ತಾರೆ: ‘ಇದು ಕಲೆ’, ‘ಇದು ಪರಿಸರಕ್ಕೆ ಒಳ್ಳೆಯದು’. ಈ ಎರಡೂ ಮಾತನ್ನು ಬಟ್ಟೆ ಕೈಯಲ್ಲಿ ಹಿಡಿದೇ ಪರೀಕ್ಷೆ ಮಾಡಬಹುದು.

ನಾನು ಕೇಳುವ ಪ್ರಶ್ನೆಗಳು ಇಷ್ಟೇ. ಈ ಬಟ್ಟೆ ಎಷ್ಟು ಸಲ ಮೈಮೇಲೆ ಬರುತ್ತದೆ? ಹರಿದರೆ ರಿಪೇರಿ ಆಗುತ್ತದಾ? ಮಾಡಿದವರ ಕೈ ಇದರಲ್ಲಿ ಎಲ್ಲಿ ಕಾಣುತ್ತದೆ? ನಾನು ಕೊಡುವ ದುಡ್ಡಲ್ಲಿ ಆ ಕೈಗೆ ಏನಾದರೂ ಸೇರುತ್ತದಾ? ಈ ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದರೆ ನನ್ನ ಮೊದಲ ಆಯ್ಕೆ ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ರೇಷ್ಮೆ ಸೀರೆ. ಯಾಕೆ ಅಂತ ಹೇಳುತ್ತೇನೆ. ಉಳಿದವು ಯಾವಾಗ ಸರಿ ಅನ್ನುವುದನ್ನೂ ಹೇಳುತ್ತೇನೆ.

ಫಾರಿನ್ ಬ್ರ್ಯಾಂಡ್

ದೊಡ್ಡ ಬ್ರ್ಯಾಂಡುಗಳಿಗೂ ಕಲೆಗೂ ನಂಟು ಹಳೆಯದು. 1937ರಲ್ಲಿ ಫ್ಯಾಷನ್ ಡಿಸೈನರ್ ಎಲ್ಸಾ ಸ್ಕಿಯಾಪರೆಲ್ಲಿ, ಚಿತ್ರಕಾರ ಸಾಲ್ವಡಾರ್ ಡಾಲಿ ಜೊತೆ ಸೇರಿ ಬಿಳಿ ಗೌನಿನ ಮೇಲೆ ದೊಡ್ಡ ಕೆಂಪು ಲಾಬ್‌ಸ್ಟರ್ ಬರೆಸಿದರು. 1965ರಲ್ಲಿ ಇನ್ನೊಬ್ಬ ಡಿಸೈನರ್ ಈವ್ ಸಾಂ ಲೊರಾಂ, ಚಿತ್ರಕಾರ ಮೊಂಡ್ರಿಯಾನ್ ಚಿತ್ರದ ಗೆರೆ, ಚೌಕಗಳನ್ನೇ ಉಡುಪು ಮಾಡಿದರು. ಆ ಉಡುಪಿನಲ್ಲಿ ಬಣ್ಣದ ತುಂಡುಗಳನ್ನು ಒಂದೊಂದಾಗಿ ಜೋಡಿಸಿ ಹೊಲಿದಿದ್ದರು. ಕೆಲಸ ಬಟ್ಟೆಯೊಳಗೇ ಇತ್ತು. 2003ರಲ್ಲಿ ಲೂಯಿ ವಿಟಾನ್, ಜಪಾನಿನ ಕಲಾವಿದ ತಕಾಶಿ ಮುರಾಕಾಮಿ ಅವರ ಬಣ್ಣಗಳನ್ನು ಬ್ಯಾಗಿನ ಮೇಲೆ ತಂದಿತು. 2025ರಲ್ಲಿ ಅದನ್ನೇ ಮತ್ತೆ ಮಾರುಕಟ್ಟೆಗೆ ಬಿಟ್ಟಿತು. ಬ್ಯಾಗಿನ ಮೇಲೆ ಹೆಸರಾಂತ ಕಲಾವಿದನ ಚಿತ್ರ ಅಚ್ಚಾಗಿದ್ದರೆ ನಾವು ದುಡ್ಡು ಕೊಡುವುದು ಆ ಚಿತ್ರಕ್ಕೆ, ಆ ಹೆಸರಿಗೆ. ಬ್ಯಾಗು ಹೊಲಿದವರ ಕಥೆ ಬೇರೆಯೇ ಇರುತ್ತದೆ.

ಆ ಕಥೆ 2024ರಲ್ಲಿ ಮಿಲಾನ್ ನ್ಯಾಯಾಲಯದಲ್ಲಿ ಹೊರಗೆ ಬಂತು. ದಿಯೋರ್ ಕಂಪನಿಗೆ ಬ್ಯಾಗು ಮಾಡಿಸಿಕೊಡುವ ಇಟಲಿಯ ಘಟಕವನ್ನು ನ್ಯಾಯಾಲಯ ತನ್ನ ಮೇಲ್ವಿಚಾರಣೆಗೆ ತೆಗೆದುಕೊಂಡಿತು. ಅಂಗಡಿಯಲ್ಲಿ 2,600 ಯೂರೊಗೆ ಮಾರುವ ಬ್ಯಾಗಿಗೆ, ಚರ್ಮದ ಖರ್ಚು ಬಿಟ್ಟು, ಹೊಲಿಸಿಕೊಟ್ಟ ಗುತ್ತಿಗೆದಾರನಿಗೆ ಸಿಕ್ಕಿದ್ದು 53 ಯೂರೊ ಅನ್ನುವುದು ಆ ವಿಚಾರಣೆಯಲ್ಲಿ ಬಯಲಾಯಿತು. ಜಾಸ್ತಿ ಬೆಲೆ ಕೊಟ್ಟರೆ ಕೆಲಸಗಾರರಿಗೆ ಜಾಸ್ತಿ ಸಿಗುತ್ತದೆ ಅಂತ ನಂಬಿಕೊಂಡವರು ಈ ಎರಡು ಅಂಕಿಯನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಬೇಕು.

ಇನ್ನು ಪರಿಸರದ ಮಾತು. ಲಂಡನ್ನಿನ ಬರ್ಬರಿ ಕಂಪನಿ 2017–18ರ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾರಾಟವಾಗದ ಸರಕನ್ನು ನಾಶ ಮಾಡಿತ್ತು. ಕಡಿಮೆ ಬೆಲೆಗೆ ಮಾರಿದರೆ ಹೆಸರು ಕೆಡುತ್ತದೆ ಅನ್ನುವುದೇ ಈ ಧಂದೆಯಲ್ಲಿ ಹೀಗೆ ಮಾಡಲು ಕಾರಣ. ಸುದ್ದಿ ಹೊರಬಿದ್ದ ಮೇಲೆ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟದ 2024ರ ಕಾನೂನು, ದೊಡ್ಡ ಕಂಪನಿಗಳು ಹೀಗೆ ಬಟ್ಟೆ ನಾಶ ಮಾಡುವುದನ್ನು 2026ರ ಜುಲೈನಿಂದ ನಿಷೇಧಿಸುತ್ತದೆ.

ಒಳ್ಳೆಯದೂ ಇದೆ. 2023ರ ಮಾರ್ಚ್‌ನಲ್ಲಿ ದಿಯೋರ್ ಮುಂಬೈನ ಗೇಟ್‌ವೇ ಆಫ್ ಇಂಡಿಯಾ ಮುಂದೆ ಶೋ ಮಾಡಿದಾಗ ಅಲ್ಲಿನ ಚಾಣಕ್ಯ ಸಂಸ್ಥೆಯ ಕಸೂತಿ ಕೆಲಸವನ್ನು ಮುಂದಿಟ್ಟಿತು. ಆದರೆ ಎರಡು ವರ್ಷ ಬಿಟ್ಟು 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ, ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ಮಿಲಾನ್‌ನಲ್ಲಿ ತೋರಿಸಿತು, ಮೂಲ ಎಲ್ಲಿಯದು ಅಂತ ಹೇಳಲಿಲ್ಲ. ಇಲ್ಲಿ ಗಲಾಟೆಯಾದ ಮೇಲೆ ಒಪ್ಪಿಕೊಂಡಿತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ (ಇಂಥ ಊರಿನದ್ದೇ ಅಂತ ಹೇಳುವ ಭೌಗೋಳಿಕ ಗುರುತು) ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದೆ. ಅಥಣಿ ಕಡೆಯಿಂದ ಚಪ್ಪಲಿ ತರಿಸಿ ಹಾಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ಯಾಗು ತಗೊಳ್ಳಲೇಬೇಕು ಅಂದರೆ, ರಿಪೇರಿ ಮಾಡಿಕೊಡುವ ಕಂಪನಿಯದ್ದನ್ನು ನೋಡಿ. ಎರ್ಮೆಸ್‌ನಂಥವರು ತಾವು ಮಾಡಿದ ಬ್ಯಾಗನ್ನು ವರ್ಷಗಳಾದ ಮೇಲೂ ತಮ್ಮ ಕಾರ್ಖಾನೆಯಲ್ಲೇ ಸರಿ ಮಾಡುತ್ತಾರೆ. ಸೆಕೆಂಡ್ ಹ್ಯಾಂಡ್ ಇನ್ನೂ ಒಳ್ಳೆಯದು. ಧಾರೆ ಮಂಟಪಕ್ಕೆ ಮಾತ್ರ ಇದ್ಯಾವುದೂ ಬೇಡ.

ಡಿಸೈನರ್ ಲೆಹೆಂಗಾ

ಇದನ್ನು ಬೇಗ ಮುಗಿಸುತ್ತೇನೆ. 40,000 ರೂಪಾಯಿಯ ಲೆಹೆಂಗಾ ಎರಡು ಸಲ ಹಾಕಿಕೊಂಡರೆ ಒಂದು ಸಲಕ್ಕೆ 20,000 ಬಿತ್ತು. 25,000ದ ಸೀರೆಯನ್ನು 20 ಸಲ ಉಟ್ಟರೆ ಒಂದು ಸಲಕ್ಕೆ 1,250. ಲೆಹೆಂಗಾ ಎರಡಕ್ಕಿಂತ ಜಾಸ್ತಿ ಸಲ ಹಾಕಿಕೊಂಡವರನ್ನು ನಿಮ್ಮ ಬಳಗದಲ್ಲೇ ಎಣಿಸಿ ನೋಡಿ.

ಅಂಗಡಿಗಳಲ್ಲಿ ಸಿಗುವ ಬಹುಪಾಲು ಲೆಹೆಂಗಾಗಳ ನೆಟ್ಟು ಪಾಲಿಯೆಸ್ಟರ್ ಅಥವಾ ನೈಲಾನ್, ಚಮಕಿ ಪ್ಲಾಸ್ಟಿಕ್. ಒಗೆಯಲು ಆಗುವುದಿಲ್ಲ. ನೆಟ್ಟು ಒಂದು ಕಡೆ ಹರಿದರೆ ರಫೂ ಕೂರುವುದಿಲ್ಲ. ಏಪ್ರಿಲ್, ಮೇ ತಿಂಗಳ ದಾವಣಗೆರೆ ಬಿಸಿಲಲ್ಲಿ ಐದಾರು ಕಿಲೋ ಪ್ಲಾಸ್ಟಿಕ್ ಹೊತ್ತು ಸ್ಟೇಜಿನ ಲೈಟಿನ ಕೆಳಗೆ ಮೂರು ಗಂಟೆ ನಿಲ್ಲುವ ಹುಡುಗಿಯರನ್ನು ನೋಡಿದರೆ ಸಂಕಟವಾಗುತ್ತದೆ. ರಿಸೆಪ್ಷನ್‌ಗೆ ಲೆಹೆಂಗಾನೇ ಬೇಕು ಅನ್ನುವವರು ಬಾಡಿಗೆಗೆ ತಗೊಳ್ಳಿ, ಅದರಲ್ಲಿ ಅವಮಾನ ಏನೂ ಇಲ್ಲ. ಒಂದೇ ಲೆಹೆಂಗಾ ಹತ್ತು ಮದುವೆ ಕಂಡರೆ ಅದು ಮಾಡಿದ ಖರ್ಚಿಗೂ ಅರ್ಥ ಬರುತ್ತದೆ. ನಿಜವಾದ ರೇಷ್ಮೆ ಬಟ್ಟೆಯ ಮೇಲೆ ಕೈಯಲ್ಲೇ ಜರ್ದೋಸಿ (ಲೋಹದ ಎಳೆಯ ಕಸೂತಿ) ಮಾಡಿದ್ದು ಸಿಕ್ಕಿ, ಕೊಳ್ಳುವ ಶಕ್ತಿಯೂ ಇದ್ದರೆ ಮಾತು ಬೇರೆ.

ಮೊಳಕಾಲ್ಮುರು

ದಾವಣಗೆರೆಯಿಂದ ಚಿತ್ರದುರ್ಗ, ಚಳ್ಳಕೆರೆ ದಾಟಿ ಹೋದರೆ ಮೊಳಕಾಲ್ಮುರು. ಬೆಳಗ್ಗೆ ಹೊರಟರೆ ಸಂಜೆಗೆ ವಾಪಸ್. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ ಇದೇ ತಾಲ್ಲೂಕಿನಲ್ಲಿದೆ. ಹೋದವರು ಅದನ್ನೂ ನೋಡಿಕೊಂಡು ಬರಬಹುದು. ಮಳೆ ತೀರಾ ಕಮ್ಮಿ ಬೀಳುವ ಸೀಮೆ. ಬೆಳೆ ಕೈಕೊಟ್ಟ ವರ್ಷವೂ ಮಗ್ಗ ಇರುವ ಮನೆಯಲ್ಲಿ ಒಲೆ ಉರಿದಿದೆ ಅಂದರೆ ಅದಕ್ಕೆ ಈ ಸೀರೆಯೇ ಕಾರಣ. 2011ರಲ್ಲಿ ಮೊಳಕಾಲ್ಮುರು ಸೀರೆಗೆ ಜಿಐ ಮಾನ್ಯತೆ ಸಿಕ್ಕಿತು. ಆದರೂ ನಮ್ಮೂರಲ್ಲಿ ಎಷ್ಟೋ ಜನ ‘ಕಂಚಿ ತರ ಇರುತ್ತಲ್ಲ, ಅದು’ ಅಂತಲೇ ಗುರುತಿಸುತ್ತಾರೆ. ಪಕ್ಕದ ಜಿಲ್ಲೆಯ ನೇಕಾರನಿಗೆ ತನ್ನ ಹೆಸರಲ್ಲೇ ಮರ್ಯಾದೆ ಸಿಗಬೇಕು ಅಲ್ವಾ?

ಸೀರೆ ಕೈಗೆ ತಗೊಂಡ ಕೂಡಲೇ ಒಡಲು ಮತ್ತು ಅಂಚು ಸೇರುವ ಜಾಗ ನೋಡಿ. ಮಾಮೂಲಿ ಸೀರೆಯಲ್ಲಿ ಹೊಕ್ಕಿನ ಎಳೆ, ಅಂದರೆ ಅಡ್ಡ ಎಳೆ, ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಓಟಕ್ಕೆ ಹೋಗುತ್ತದೆ. ಒಡಲು ಹಸಿರು, ಅಂಚು ಕೆಂಪು ಅಂದುಕೊಳ್ಳಿ. ಒಡಲಿನ ಹಸಿರು ಎಳೆ ಅಂಚಿನೊಳಗೂ ನುಗ್ಗಿ ಕೆಂಪನ್ನು ಮಂಕು ಮಾಡುತ್ತದೆ. ಮೊಳಕಾಲ್ಮುರುವಿನಂಥ ಕುಟ್ಟು ಅಂಚಿನ ಸೀರೆಯಲ್ಲಿ ಅಂಚನ್ನು ಬೇರೆ ಎಳೆಯಲ್ಲಿ ನೇಯ್ದು ಒಡಲಿಗೆ ಸೇರಿಸುತ್ತಾರೆ, ಅದಕ್ಕೆ ಮೂರು ಲಾಳಿ ಬೇಕು. ಒಂದು ಒಡಲಿಗೆ, ಎರಡು ಆ ಕಡೆ ಈ ಕಡೆ ಅಂಚಿಗೆ. ಪ್ರತಿ ಸಾಲಿನಲ್ಲೂ ಒಡಲಿನ ಎಳೆ ಅಂಚಿನ ಎಳೆಯನ್ನು ಕೊಂಡಿ ಹಾಕಿ ಹಿಡಿದು ವಾಪಸ್ ತಿರುಗುತ್ತದೆ. ಹಾಗಾಗಿ ಕೆಂಪು ಕೆಂಪಾಗೇ ಉಳಿಯುತ್ತದೆ, ಹಸಿರು ಹಸಿರಾಗೇ ಉಳಿಯುತ್ತದೆ. ಸೀರೆ ತಿರುಗಿಸಿ ಹಿಂಬದಿಯಲ್ಲಿ ಬೆರಳು ಆಡಿಸಿದರೆ ಆ ಕೊಂಡಿಗಳ ಸಣ್ಣ ಉಬ್ಬು ಸಿಗುತ್ತದೆ. ಬೆಳಕಿಗೆ ಹಿಡಿದರೆ ಗೆರೆ ಹಲ್ಲುಹಲ್ಲಾಗಿ ಕಾಣುತ್ತದೆ. ಗೋಪುರದ ಸಾಲಿನ ವಿನ್ಯಾಸ ಇದ್ದರಂತೂ ನೇಕಾರ ಪ್ರತಿ ಸಾಲಿಗೂ ಎಳೆ ಎಣಿಸಿ ಎಲ್ಲಿ ತಿರುಗಬೇಕು ಅಂತ ತೀರ್ಮಾನಿಸಬೇಕು. ಒಂದು ಕೈ ತಪ್ಪಿದರೆ ಗೋಪುರ ವಾಲುತ್ತದೆ. ಕೆಲವು ಮಗ್ಗಗಳಲ್ಲಿ ಆ ತುದಿಯ ಲಾಳಿ ಎಸೆಯಲು ಇನ್ನೊಬ್ಬರು ಪಕ್ಕದಲ್ಲಿ ಕೂರುತ್ತಾರೆ. ಬಹಳ ಸಲ ಅದು ಮನೆಯವರೇ. ಇದನ್ನು ನಾನು ಕಲೆ ಅಂತ ಕರೆಯುತ್ತೇನೆ. ಇದರಲ್ಲಿ ಅಲಂಕಾರ ಬೇರೆ, ಬಟ್ಟೆ ಬೇರೆ ಅಂತ ಇಲ್ಲ.

ಸೀರೆಯಲ್ಲಿ ಹಣ್ಣು, ಹೂವು, ಪ್ರಾಣಿಗಳ ಬುಟ್ಟಾ ಹೆಚ್ಚು. ಎರಡು ಬುಟ್ಟಾ ಅಕ್ಕಪಕ್ಕ ಇಟ್ಟು ನೋಡಿದರೆ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು. ಅದು ಕೈಕೆಲಸದ ಗುರುತು, ದೋಷ ಅಂತ ಅಂಗಡಿಯವರ ಜೊತೆ ಚೌಕಾಸಿಗೆ ಇಳಿಯಬೇಡಿ.

ಪರಿಸರದ ಲೆಕ್ಕದಲ್ಲಿ ಮೊಳಕಾಲ್ಮುರು ಪೂರ್ತಿ ಪಾಸ್ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೈಮಗ್ಗಕ್ಕೆ ಕರೆಂಟು ಬೇಡ. ಹಿಪ್ಪುನೇರಳೆ ಗಿಡ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಎಲೆ ಕೊಡುತ್ತದೆ. ರೇಷ್ಮೆ ಮಣ್ಣಲ್ಲಿ ಕರಗುವ ವಸ್ತು. ಇಷ್ಟು ಒಳ್ಳೆಯದು. ಬಣ್ಣ ಹಾಕುವ ಹಂತ ಮಾತ್ರ ತೊಂದರೆಯದ್ದು. ದಾರದ ಅಂಟು ಬಿಡಿಸಲು ಸೋಪು, ಸೋಡಾ ಹಾಕಿ ಬೇಯಿಸಬೇಕು, ಆಮೇಲೆ ರಾಸಾಯನಿಕ ಬಣ್ಣ. ಆ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ಮಳೆ ಕಾಣದ ಸೀಮೆಯಲ್ಲಿ ಸಣ್ಣ ಪ್ರಶ್ನೆ ಅಲ್ಲ. ಸೀರೆ ಹೇಳಿ ಮಾಡಿಸುವವರು ಬಣ್ಣ ಎಲ್ಲಿ ಹಾಕಿಸುತ್ತೀರಿ ಅಂತ ಕೇಳಿ. ಕೇಳುವವರು ಜಾಸ್ತಿಯಾದರೆ ಮಾತ್ರ ಬದಲಾವಣೆ ಬರುತ್ತದೆ.

ಹುಳದ ವಿಷಯವೂ ಇದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು ಆರೇಳು ಕಿಲೋ ಗೂಡು ಬೇಕು, ಅಂದರೆ ಸಾವಿರಾರು ಹುಳ. ಗೂಡನ್ನು ಬಿಸಿನೀರಿಗೆ ಹಾಕಿಯೇ ನೂಲು ಬಿಚ್ಚುವುದು. ಮನಸ್ಸಿಗೆ ಒಪ್ಪದಿದ್ದರೆ ಅಹಿಂಸಾ ರೇಷ್ಮೆ ಅಂತ ಸಿಗುತ್ತದೆ. ಅದರಲ್ಲಿ ಪತಂಗ ಹೊರಗೆ ಬಂದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆಯುತ್ತಾರೆ. ಎಳೆ ತುಂಡಾಗಿರುವುದರಿಂದ ಹೊಳಪು ಕಮ್ಮಿ, ಬೆಲೆ ಜಾಸ್ತಿ.

ಮೈಸೂರು ಸಿಲ್ಕ್

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಕಾರ್ಖಾನೆಯದು. ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ನಡೆಸುತ್ತದೆ. ಇದು ಪವರ್‌ಲೂಮ್ ಸೀರೆ. ಕೈಮಗ್ಗ ಅಂದುಕೊಂಡು ತಗೊಳ್ಳುವವರು ಬಹಳ ಜನ ಇದ್ದಾರೆ. ಹಾಗಂತ ಇದು ಕಮ್ಮಿಯದಲ್ಲ. ಇಲ್ಲಿ ನೂಲಿಂದ ಸೀರೆಯವರೆಗೆ ಎಲ್ಲವೂ ಒಂದೇ ಸರ್ಕಾರಿ ಸಂಸ್ಥೆಯ ಕೈಯಲ್ಲಿದೆ. ಕೆಲಸಗಾರರಿಗೆ ಸಂಬಳ ಇದೆ. ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಅಂತ ಸಂಸ್ಥೆಯೇ ಲೆಕ್ಕ ಕೊಡುತ್ತದೆ. ಪ್ರತಿ ಸೀರೆಗೂ ಒಂದು ಸಂಖ್ಯೆ, ಹಾಲೋಗ್ರಾಂ ಇರುತ್ತದೆ. ಮೂಲ ಎಲ್ಲಿಯದು ಅಂತ ಇಷ್ಟು ಸ್ಪಷ್ಟವಾಗಿ ಹೇಳುವ ಸೀರೆ ಇನ್ನೊಂದು ನನಗೆ ಗೊತ್ತಿಲ್ಲ. ಯುರೋಪಿನವರು ಈಗ ಪ್ರತಿ ಬಟ್ಟೆಗೂ ಅದರ ಮೂಲ ಹೇಳುವ ಡಿಜಿಟಲ್ ಪಾಸ್‌ಪೋರ್ಟ್ ಬೇಕು ಅಂತ ಕಾನೂನು ಮಾಡುತ್ತಿದ್ದಾರೆ. ಸೀರೆಗೊಂದು ನಂಬರ್ ಕೊಡುವ ಅಭ್ಯಾಸ ಮೈಸೂರಿನಲ್ಲಿ ಆಗಲೇ ಇದೆ.

ಕ್ರೇಪ್ ರೇಷ್ಮೆಯಾದ್ದರಿಂದ ಮೈಗೆ ಹಗುರ. ನಮ್ಮ ಸೆಖೆಗೆ ಇದೇ ಸರಿ. ಮದುವೆಯಾದ ಮೇಲೂ ಗೃಹಪ್ರವೇಶ, ನಾಮಕರಣ, ದುಗ್ಗಮ್ಮನ ಜಾತ್ರೆಗೆಲ್ಲ ಉಡಬಹುದು. ಕಲೆಗಿಂತ ನಂಬಿಕೆ, ಬಾಳಿಕೆ ಮುಖ್ಯ ಅನ್ನುವವರು ಕಣ್ಣುಮುಚ್ಚಿ ಇದನ್ನು ತಗೊಳ್ಳಿ. ಅಂಗಡಿಯವರು ‘ಮೈಸೂರು ಸಿಲ್ಕ್ ತರಾನೇ’ ಅಂತ ತೋರಿಸುವುದನ್ನು ಬಿಟ್ಟುಬಿಡಿ.

ಕಂಚಿ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅಸಲಿ ಕಂಚಿಯ ಕೆಲಸಕ್ಕೆ ಕೈ ಮುಗಿಯಬೇಕು. ಅದೇ ಮೂರು ಲಾಳಿಯ ಕುಟ್ಟು ಅಂಚು ಅಲ್ಲಿಯೂ ಇದೆ. ಆ ಹೆಸರಲ್ಲಿ ಪವರ್‌ಲೂಮ್ ಸೀರೆ ಬರುವುದೂ ಅಷ್ಟೇ ನಿಜ. ಮೇಲೆ ಹೇಳಿದ ಅಂಚಿನ ಪರೀಕ್ಷೆ ಅದಕ್ಕೂ ನಡೆಯುತ್ತದೆ.

ಧಾರೆ ಬಿಟ್ಟು ಉಳಿದ ಶಾಸ್ತ್ರಗಳಿಗೆ

ಅರಿಶಿನ ಶಾಸ್ತ್ರಕ್ಕೆ, ಬೀಗರ ಉಡುಗೊರೆಗೆ ಇಳಕಲ್ ನೋಡಿ. ಹತ್ತಿ ಒಡಲು, ಕೆಂಪು–ಬಿಳಿಯ ತೋಪು ತೆನೆ ಸೆರಗು, ಒಡಲಿನ ಉದ್ದ ಎಳೆಗಳಿಗೆ ಸೆರಗಿನ ಉದ್ದ ಎಳೆಗಳನ್ನು ಕೊಂಡಿ ಹಾಕಿ ಸೇರಿಸುವ ಕೆಲಸ. ಬೆಲೆ ಕಮ್ಮಿ, ಮನೆಯಲ್ಲೇ ಒಗೆಯಬಹುದು, ನಿಜವಾಗಿ ಉಡುವ ಸೀರೆ.

ಲಂಬಾಣಿ ಕಸೂತಿ ನಮ್ಮ ತಾಂಡಾಗಳದ್ದೇ. ಲಂಬಾಣಿಗರ ಗುರು ಸಂತ ಸೇವಾಲಾಲರು ಹುಟ್ಟಿದ ಊರು ಅಂತ ನಂಬುವ ಸೂರಗೊಂಡನಕೊಪ್ಪ ದಾವಣಗೆರೆ ಜಿಲ್ಲೆಯಲ್ಲೇ ಇದೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಇದೆ. ರಿಸೆಪ್ಷನ್‌ಗೆ ಸಾದಾ ರೇಷ್ಮೆ ಸೀರೆ ಉಟ್ಟು ಲಂಬಾಣಿ ಕಸೂತಿಯ ಬ್ಲೌಸ್ ಹಾಕಿಕೊಂಡರೆ ಯಾವ ಡಿಸೈನರ್ ಲೆಹೆಂಗಾಕ್ಕೂ ಕಮ್ಮಿ ಇಲ್ಲ. ಕನ್ನಡಿಯ ಸುತ್ತ ದಾರದ ಹೊಲಿಗೆಯೇ ಅದನ್ನು ಹಿಡಿದಿದೆಯಾ, ಅಂಟು ಹಾಕಿದ್ದಾರಾ ಅಂತ ಉಗುರಲ್ಲಿ ಮುಟ್ಟಿ ನೋಡಿ. ಅಜ್ಜಿಯರ ಹಳೇ ಉಡುಪು ಕತ್ತರಿಸಿ ಮಾಡಿದ ಬ್ಯಾಗು ಕೊಳ್ಳುವುದಕ್ಕಿಂತ ಈಗ ಹೊಲಿಯುತ್ತಿರುವ ಹೆಣ್ಣುಮಕ್ಕಳ ಹೊಸ ಕೆಲಸಕ್ಕೆ ದುಡ್ಡು ಕೊಡುವುದು ನನಗೆ ಇಷ್ಟ.

ಗಂಡಿನ ಕಡೆಯವರಿಗೆ ಒಂದು ಮಾತು. ಚಳ್ಳಕೆರೆಯ ಕಂಬಳಿಯನ್ನು ಫ್ಯಾಷನ್ ಅಂತ ಯಾರೂ ನೋಡುವುದಿಲ್ಲ. ಡೆಕ್ಕನಿ ಕುರಿಯ ಕಪ್ಪು ಉಣ್ಣೆಗೆ ಬಣ್ಣವೇ ಬೇಡ. ನೂಲಿಗೆ ಹುಣಸೆ ಬೀಜದ ಗಂಜಿ, ಗುಂಡಿ ಮಗ್ಗದಲ್ಲಿ ನೇಯ್ಗೆ. ಬಣ್ಣದ ನೀರು ಒಂದು ತೊಟ್ಟೂ ಹರಿಯದ ಬಟ್ಟೆ ಇದು. ಒರಟು ನಿಜ, ಮೈಗೆ ನೇರವಾಗಿ ತಾಗಿಸುವಂಥದ್ದಲ್ಲ. ಒಳಗೆ ಹತ್ತಿ ಲೈನಿಂಗ್ ಕೊಟ್ಟು ಒಳ್ಳೆಯ ದರ್ಜಿ ಹತ್ತಿರ ಜಾಕೆಟ್ ಹೊಲಿಸಿದರೆ ಡಿಸೆಂಬರ್ ಮದುವೆಗೆ ಸೂಟಿಗಿಂತ ಚೆನ್ನಾಗಿ ಕಾಣುತ್ತದೆ.

ಅಮ್ಮನ ಸೀರೆ

ಹೊಸದು ತಗೊಳ್ಳುವ ಮುಂಚೆ ಬೀರು ತೆಗೆದು ನೋಡಿ. ಅಮ್ಮನ ಧಾರೆ ಸೀರೆಯನ್ನು ಕಿಟಕಿ ಬೆಳಕಿಗೆ ಹಿಡಿಯಿರಿ. ಮಡಿಕೆಯ ಗೆರೆಯಲ್ಲಿ ಎಳೆ ಸೀಳಿಲ್ಲದಿದ್ದರೆ ಪಾಲಿಶ್ ಮಾಡಿಸಿ, ಹೊಸ ಫಾಲ್ಸ್, ಕುಚ್ಚು ಹಾಕಿಸಿ ಧಾರೆಗೇ ಉಡಬಹುದು. ಒಡಲು ಸೀಳಿದ್ದು ಅಂಚು ಗಟ್ಟಿ ಇದ್ದರೆ ಅಂಚು, ಸೆರಗು ಬಿಡಿಸಿ ಹೊಸ ಸಾದಾ ರೇಷ್ಮೆಗೆ ಕೂರಿಸಿಕೊಡುವ ದರ್ಜಿಗಳು ಇದ್ದಾರೆ. ಅದೂ ಆಗದಿದ್ದರೆ ಮಗುವಿನ ಲಂಗ.

ಬೀದಿಯಲ್ಲಿ ‘ಹಳೇ ಜರಿ ಸೀರೆ’ ಅಂತ ಕೂಗಿಕೊಂಡು ಬರುವವರಿಗೆ ಮಾತ್ರ ಕೊಡಬೇಡಿ. ಅವರು ಕೊಂಡ ಸೀರೆ ಹೆಚ್ಚಾಗಿ ಬೆಂಕಿಗೆ ಹೋಗುತ್ತದೆ. ರೇಷ್ಮೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಲಂಡನ್ನಿನ ಬರ್ಬರಿ ಸರಕು ನಾಶ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ನಾವು ನಮ್ಮ ಬಾಗಿಲಲ್ಲಿ ನಡೆಯುವ ಇದನ್ನೂ ನಿಲ್ಲಿಸಬೇಕು.

ಬಿಲ್ಲು, ಲೇಬಲ್ಲು, ಬ್ಲೌಸು

ಲೇಬಲ್ ವಿಷಯದಲ್ಲಿ ಬಹಳ ಗೊಂದಲ ಇದೆ. ಸಿಲ್ಕ್ ಮಾರ್ಕ್ ಇದ್ದರೆ ರೇಷ್ಮೆ ಅಪ್ಪಟ ಅಂತ ಅರ್ಥ. ಕೈಮಗ್ಗ ಅಂತ ಅಲ್ಲ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ ಇದೆ. ಜಿಐ ಊರು ಹೇಳುತ್ತದೆ. ಜರಿ ಅಸಲಿಯಾ ಅನ್ನುವುದಕ್ಕೆ ಸಿಲ್ಕ್ ಮಾರ್ಕನ್ನು ನಂಬಿಕೊಳ್ಳಬೇಡಿ. ಸೆರಗಿನ ತುದಿಯಿಂದ ಒಂದು ಎಳೆ ಕೇಳಿ ತಗೊಳ್ಳಿ. ಬಿಚ್ಚಿದಾಗ ಒಳಗೆ ಬಣ್ಣದ ರೇಷ್ಮೆ ಎಳೆ, ಅದರ ಸುತ್ತಿನ ತಗಡು ಕೆರೆದಾಗ ಬಿಳಿ ಲೋಹ ಕಂಡರೆ ಬೆಳ್ಳಿ ಜರಿ ಇರಬಹುದು. ತಾಮ್ರದ ಕೆಂಪು ಕಂಡರೆ ಟೆಸ್ಟೆಡ್ ಜರಿ, ಅಂದರೆ ಬೆಳ್ಳಿಯ ಬದಲು ತಾಮ್ರದ ಜರಿ. ಬೆಂಕಿಗೆ ಹಿಡಿದ ಕೂಡಲೇ ಮುದುಡಿ ಗಟ್ಟಿ ಉಂಡೆ ಆದರೆ ಪ್ಲಾಸ್ಟಿಕ್. ರೇಷ್ಮೆ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಟೆಸ್ಟೆಡ್ ಜರಿ ತಗೊಂಡರೆ ತಪ್ಪೇನಿಲ್ಲ, ಬೆಳ್ಳಿ ಬೆಲೆ ಕೊಡಬಾರದು ಅಷ್ಟೇ. ದೊಡ್ಡ ಮೊತ್ತದ ಸೀರೆಯಾದರೆ ಬಿಲ್ಲಿನಲ್ಲಿ ‘ಕೈಮಗ್ಗ’, ‘ಅಪ್ಪಟ ರೇಷ್ಮೆ’, ಜರಿ ಯಾವುದು – ಮೂರನ್ನೂ ಬರೆಸಿ. ಬರೆಯಲು ಹಿಂಜರಿಯುವ ಅಂಗಡಿಯಿಂದ ಎದ್ದು ಬನ್ನಿ.

ಕೊನೆಗೆ ಬ್ಲೌಸು. ಈಗ ಸೀರೆಗಿಂತ ಬ್ಲೌಸಿನ ಆರಿ ವರ್ಕಿಗೇ ಜಾಸ್ತಿ ದುಡ್ಡು ಹೋಗುತ್ತಿದೆ. ಮದುವೆಯಾಗಿ ಎರಡು ವರ್ಷಕ್ಕೆ ಅದು ಮೈಗೆ ಆಗುವುದಿಲ್ಲ. ವರ್ಕ್ ಮಾಡಿಸುವಾಗ ತೋಳು, ಬೆನ್ನಿಗೆ ಮಾತ್ರ ಮಾಡಿಸಿ, ಪಕ್ಕದ ಹೊಲಿಗೆಯ ಹತ್ತಿರ ಕಸೂತಿ ತರಬೇಡಿ. ಒಳಗೆ ಎರಡೂ ಕಡೆ ಎರಡು ಇಂಚು ಮಾರ್ಜಿನ್ ಬಿಡಿಸಿ. ಸೆಂಟನ್ನು ಜರಿಯ ಮೇಲೆ ಹೊಡೆಯಬೇಡಿ, ನುಸಿಗುಳಿಗೆಯನ್ನು ಸೀರೆಗೆ ತಾಗಿಸಿ ಇಡಬೇಡಿ. ಹಳೇ ಬಿಳಿ ಪಂಚೆಯಲ್ಲಿ ಸುತ್ತಿ, ಮೂರ್ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ಇಡಿ.